ಮೇಕ್‌ಫೈಲ್ ತುಣುಕು ಎಷ್ಟಾದರೂ ಇರಲಿ, ಓಡುವ ಮೇಕ್ ಒಂದೇ ಇರಲಿ

ನಿಮ್ಮ ಪ್ರಾಜೆಕ್ಟ್‌ನಲ್ಲಿ ಲಿಬ್, ಆ್ಯಪ್, ಟೆಸ್ಟ್ ಅಂತ ಮೂರು ಡೈರೆಕ್ಟರಿ, ಪ್ರತಿಯೊಂದರಲ್ಲೂ ಒಂದು ಮೇಕ್‌ಫೈಲ್ (ಪ್ರೋಗ್ರಾಂ ಕಟ್ಟುವ ‘ಮೇಕ್’ ಟೂಲ್‌ಗೆ ಸೂಚನೆ ಬರೆದಿಡುವ ಫೈಲ್). ಮೇಲಿನ ಮೇಕ್‌ಫೈಲ್ ಫಾರ್ ಲೂಪ್ ಹಾಕಿ ಒಂದೊಂದರೊಳಗೂ ಮೇಕ್ ಓಡಿಸುತ್ತದೆ. ಲಿಬ್‌ನ ಹೆಡರ್ (ಬೇರೆ ಸೋರ್ಸ್ ಫೈಲುಗಳು ಸೇರಿಸಿಕೊಳ್ಳುವ ಫೈಲ್) ಬದಲಿಸಿದರೆ ಆ್ಯಪ್ ಹಳೆಯದೇ ಉಳಿಯುತ್ತದೆ, ಲಿಬ್‌ನಲ್ಲಿ ಎರರ್ ಬಂದರೂ ಬಿಲ್ಡ್ ಮುಂದೆ ಓಡುತ್ತದೆ. ಇದೇ ಅಲ್ವಾ ನಿಮ್ಮ ತೊಂದರೆ?

ಎರರ್‌ನದು ಸುಲಭ. ಶೆಲ್ ಲೂಪ್ ಕೊನೆಯ ಕಮಾಂಡ್ ಗೆದ್ದರೆ ಇಡೀ ಲೂಪ್ ಗೆದ್ದಂತೆ ಹೇಳುತ್ತದೆ. ಕೊನೆಗೆ ಬರುವ ಟೆಸ್ಟ್ ಸರಿ ಇದ್ದರೆ ಮೇಕ್ ಅದನ್ನೇ ನಂಬುತ್ತದೆ.

ಇನ್ನೊಂದಕ್ಕೆ ಕಾರಣ ಆಳದಲ್ಲಿದೆ. ಯಾವ ಫೈಲ್ ಯಾವುದನ್ನು ನೆಚ್ಚಿಕೊಂಡಿದೆ ಅಂತ ನೋಡಿ, ಹಳತಾದದ್ದನ್ನು ಮಾತ್ರ ಮತ್ತೆ ಕಟ್ಟುವುದು ಮೇಕ್‌ನ ಕೆಲಸ. ನೀವು ಆ ನಕ್ಷೆಯನ್ನು ಮೂರು ಚೂರು ಮಾಡಿದ್ದೀರಿ. ಆ್ಯಪ್‌ನೊಳಗಿನ ಮೇಕ್‌ಗೆ ಲಿಬ್ ಕಟ್ಟುವುದು ಹೇಗೆಂದೇ ಗೊತ್ತಿಲ್ಲ. ಈ ಪದ್ಧತಿಯ ಕೇಡನ್ನು ಪ್ರೋಗ್ರಾಮರ್ ಪೀಟರ್ ಮಿಲ್ಲರ್ 1998ರಲ್ಲೇ ಬಿಡಿಸಿ ಬರೆದಿದ್ದರು. ನಾನು ಅದನ್ನು ಓದಿದ್ದು ವರ್ಷಗಟ್ಟಲೆ ‘ಮೇಕ್ ಕ್ಲೀನ್’ ಹೊಡೆದು, ಕಟ್ಟಿದ್ದನ್ನೆಲ್ಲ ಅಳಿಸಿ ಮತ್ತೆ ಕಟ್ಟಿದ ಮೇಲೆ!

ಹಾಗಾಗಿ ಪ್ರತಿ ಡೈರೆಕ್ಟರಿಯಲ್ಲಿ ಒಂದು ಸಣ್ಣ ತುಣುಕು ಮಾತ್ರ ಇಡಿ, ತನ್ನ ಸೋರ್ಸ್ ಫೈಲುಗಳ ಪಟ್ಟಿಯಷ್ಟೇ ಅದರಲ್ಲಿರಲಿ. ಮೇಲಿನ ಮೇಕ್‌ಫೈಲ್ ಇವನ್ನೆಲ್ಲ ಇನ್‌ಕ್ಲೂಡ್ ಮಾಡಲಿ. ಎಲ್ಲ ಪಾತ್‌ಗಳನ್ನೂ ಪ್ರಾಜೆಕ್ಟ್‌ನ ಬುಡದಿಂದಲೇ ಬರೆಯಿರಿ. ಇಲ್ಲೊಂದು ಬಲೆ ಇದೆ: ತುಣುಕುಗಳಿಗೆಲ್ಲ ವೇರಿಯಬಲ್‌ಗಳು ಒಂದೇ. ಪಟ್ಟಿಗೆ ‘+=’ ಬಳಸಿ ಸೇರಿಸದೆ ‘:=’ ಹಾಕಿದರೆ ಹಿಂದಿನದೆಲ್ಲ ಸದ್ದಿಲ್ಲದೆ ಅಳಿಸಿ ಹೋಗುತ್ತದೆ.

ಹೆಡರ್‌ಗಳ ಪಟ್ಟಿಯನ್ನು ಕೈಯಲ್ಲಿ ಬರೆಯಬೇಡಿ. ನಿಮ್ಮ ಕಂಪೈಲರ್‌ಗೆ, ಅಂದರೆ ಜಿಸಿಸಿ ಅಥವಾ ಕ್ಲ್ಯಾಂಗ್‌ಗೆ, ‘-ಎಂಎಂಡಿ -ಎಂಪಿ’ ಕೊಡಿ (ದೊಡ್ಡಕ್ಷರದಲ್ಲಿ). ಕಂಪೈಲ್ ಮಾಡುವಾಗಲೇ ಅದು ಯಾವ ಸೋರ್ಸ್ ಯಾವ ಹೆಡರ್ ಬಳಸುತ್ತದೆ ಅಂತ ‘.ಡಿ’ ಫೈಲುಗಳಲ್ಲಿ ಬರೆದಿಡುತ್ತದೆ, ಅವನ್ನೂ ಇನ್‌ಕ್ಲೂಡ್ ಮಾಡಿ. ಮೊದಲ ಸಲ ಅವು ಇರುವುದಿಲ್ಲ, ಆದ್ದರಿಂದ ಮೇಕ್ ಎರರ್ ಕೊಟ್ಟು ನಿಲ್ಲದಂತೆ ‘ಇನ್‌ಕ್ಲೂಡ್’ ಪದದ ಮೊದಲು ಒಂದು ಮೈನಸ್ ಇರಲಿ. ಕಂಪೈಲ್ ಆಗಿ ಬರುವ ಆಬ್ಜೆಕ್ಟ್ ಫೈಲುಗಳನ್ನು ಬಿಲ್ಡ್ ಡೈರೆಕ್ಟರಿಯಲ್ಲಿ, ಸೋರ್ಸ್‌ನ ವಿನ್ಯಾಸದಲ್ಲೇ ಇಡಿ. ಎಲ್ಲ ಒಂದೇ ಕಡೆ ಸುರಿದರೆ ಒಂದೇ ಹೆಸರಿನ ಎರಡು ಫೈಲ್ ಡಿಕ್ಕಿ ಹೊಡೆಯುತ್ತವೆ.

ವಿಂಡೋಸ್‌ನಲ್ಲೂ ಓಡಬೇಕಾದರೆ ಸುಮ್ನೆ ಸಿಮೇಕ್‌ಗೆ (ಬಿಲ್ಡ್ ಫೈಲುಗಳನ್ನು ತಾನೇ ಬರೆದುಕೊಡುವ ಟೂಲ್) ಹೋಗಿ. ಅದೂ ಡೈರೆಕ್ಟರಿಗೊಂದು ಫೈಲ್ ಕೇಳುತ್ತದೆ, ಆದರೆ ಎಲ್ಲವನ್ನೂ ಓದಿ ನಕ್ಷೆಯನ್ನು ಒಂದೇ ಮಾಡಿಕೊಳ್ಳುತ್ತದೆ.

ಮುಗಿದ ಮೇಲೆ, ಏನೂ ಬದಲಿಸದೆ ಎರಡನೇ ಸಲ ಮೇಕ್ ಓಡಿಸಿ. ಒಂದು ಫೈಲೂ ಕಂಪೈಲ್ ಆಗಬಾರದು. ಆಮೇಲೆ ಲಿಬ್‌ನ ಒಂದು ಹೆಡರ್‌ಗೆ ಟಚ್ ಕಮಾಂಡ್ ಕೊಟ್ಟು (ಫೈಲ್‌ನ ಸಮಯವಷ್ಟೇ ಹೊಸದಾಗುತ್ತದೆ) ಮತ್ತೆ ಓಡಿಸಿ. ಅದನ್ನು ಬಳಸುವ ಫೈಲುಗಳಿಗಿಂತ ಜಾಸ್ತಿ ಅಥವಾ ಕಡಿಮೆ ಕಂಪೈಲ್ ಆದರೆ ಯಾವುದನ್ನು ಏಕೆ ಮತ್ತೆ ಕಟ್ಟಿತು ಅಂತ ಹೇಳುವ ‘ಮೇಕ್ --ಟ್ರೇಸ್’ ಔಟ್‌ಪುಟ್ ಇಲ್ಲಿ ಹಾಕಿ, ನೋಡೋಣ.