ಸೈಕಲ್ ಇಳಿದ ಮೇಲಿನ 42 ಕಿ.ಮೀ.

ಐರನ್‌ಮ್ಯಾನ್ ಟ್ರಯಾಥ್ಲಾನ್‌ನಲ್ಲಿ (ಈಜು, ಸೈಕಲ್, ಓಟ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ) 180 ಕಿ.ಮೀ. ಸೈಕಲ್ ತುಳಿದು ಇಳಿದ ಕೂಡಲೇ ಯಾವ ವೇಗದಲ್ಲಿ ಓಡಬೇಕು ಅಂತ ಕೇಳಿದ್ದೀರಿ. ಮೊದಲ ಐದು ಕಿ.ಮೀ. ನಿಮ್ಮ ಅಂದಾಜನ್ನು ನಂಬಬೇಡಿ ಸರ್, ವಾಚ್ ನೋಡಿ. ಸೈಕಲ್ಲಿನ ವೇಗಕ್ಕೆ ಒಗ್ಗಿದವರಿಗೆ ಓಟ ತೀರಾ ನಿಧಾನ ಅನ್ನಿಸುತ್ತೆ, ಗೊತ್ತಿಲ್ಲದೇ ಜೋರಾಗಿ ಓಡಿಬಿಡ್ತೀರಿ. ಬರೀ ಮ್ಯಾರಥಾನ್ ಓಡುವಾಗಿನದಕ್ಕಿಂತ ಕಿಲೋಮೀಟರಿಗೆ 45 ಸೆಕೆಂಡಾದರೂ ನಿಧಾನವಾಗಿ ಶುರು ಮಾಡಿ. ಹವಾಯಿಯ ಕೋನಾದ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ನೋಡಿ: ಓಟದ ಶುರುವಿಗೆ ಅಲಿಯಿ ಡ್ರೈವ್ ರಸ್ತೆಯಲ್ಲಿ ಜನರ ಕೂಗಿಗೆ ಹುರುಪೆದ್ದು ಓಡಿದವರು, ಆಮೇಲೆ ನೆರಳೇ ಇಲ್ಲದ ಹೆದ್ದಾರಿಯಲ್ಲಿ, ಎನರ್ಜಿ ಲ್ಯಾಬ್ ಅನ್ನೋ ಸಂಶೋಧನಾ ಕೇಂದ್ರದ ಹತ್ತಿರ ಕಾಲೆಳೆದುಕೊಂಡು ನಡೀತಿರ್ತಾರೆ.

ನೀರಿನ ಟೇಬಲ್ ಬಂದಾಗಲೆಲ್ಲ ನಡೆಯಿರಿ, ನಾಚಿಕೆ ಬೇಡ. ಟೋಪಿಯೊಳಗೆ ಐಸ್ ಹಾಕಿಕೊಳ್ಳಿ. ಹೊಟ್ಟೆ ತೊಳಸಿದರೆ ಎನರ್ಜಿ ಜೆಲ್ (ಶಕ್ತಿಗೆ ತಿನ್ನುವ ಸಿಹಿ ಪಾಕ) ನಿಲ್ಲಿಸಿ, ವೇಗ ಇಳಿಸಿ, ಕೋಲಾ ಗುಟುಕರಿಸಿ. ಬರೀ ನೀರನ್ನೇ ಕುಡೀತಾ ಹೋಗಬೇಡಿ, ರಕ್ತದ ಸೋಡಿಯಂ ಇಳಿದರೆ ನಿಜಕ್ಕೂ ಅಪಾಯ.