ಬಿಟ್ಟಿ ಕೊಟ್ಟ ಫೋಟೋ, ಬಿಡದ ಕೊರಗು

(ಗುರುತು ಸಿಗಬಾರದೆಂದು ಊರು, ವೃತ್ತಿ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು, ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಅವರ ಒಪ್ಪಿಗೆ ಇದೆ.)

ಮೊದಲು ಫೋನ್ ಮಾಡಿದ್ದು ಹೆಂಡತಿ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸಿಡುಕು ಜಾಸ್ತಿ ಎಂಬುದೆಲ್ಲ ಆಮೇಲೆ ಬಂತು. ಅವರ ಮೊದಲ ಮಾತು ಇದು: "ನಮ್ಮೆಜಮಾನ್ರು ಈ ಮಳೆಗಾಲ ಕ್ಯಾಮೆರಾ ಡಬ್ಬಿಯ ಸಿಲಿಕಾ ಜೆಲ್ ಒಣಗಿಸಲೇ ಇಲ್ಲ ಮೇಡಂ. ಲೆನ್ಸಿಗೆ ಬೂಷ್ಟು ಹಿಡೀತಿದೆ. ನೋಡಿಯೂ ಸುಮ್ನೆ ಕೂತಿದ್ದಾರೆ."

ಮಲೆನಾಡಿನ ಜುಲೈ ತಿಂಗಳು ಕಂಡವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಗೋಡೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು. ಕ್ಯಾಮೆರಾ ಇಟ್ಟುಕೊಂಡವರು ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಹಾಕಿ, ಅದು ತೇವ ಕುಡಿದಾಗಲೆಲ್ಲ ಬಿಸಿ ಮಾಡಿ ಒಣಗಿಸುತ್ತಾರೆ. ಅಷ್ಟು ಆಸೆಪಟ್ಟು ಕೊಂಡ ವಸ್ತುವನ್ನು ಕಣ್ಣೆದುರೇ ಹಾಳಾಗಲು ಬಿಟ್ಟಿದ್ದಾರೆ ಎಂದರೆ ಬರೀ ಸಿಡುಕಲ್ಲ, ಒಳಗೆ ಇನ್ನೇನೋ ಇದೆ ಅನ್ನಿಸಿತು. ಕರೆದುಕೊಂಡು ಬನ್ನಿ ಎಂದೆ.

ಬಂದವರನ್ನು ಇಲ್ಲಿ ಮೇಷ್ಟ್ರು ಎನ್ನುತ್ತೇನೆ. ಅರವತ್ತು ದಾಟಿದೆ, ನಿವೃತ್ತಿಯಾಗಿದೆ. ಹಕ್ಕಿ, ಕೆರೆ, ತೋಟದ ಕೆಲಸ, ಊರ ಜಾತ್ರೆ ಎಲ್ಲದರ ಫೋಟೋ ತೆಗೆಯುತ್ತಾರೆ. ಚೆನ್ನಾಗಿಯೂ ತೆಗೆಯುತ್ತಾರೆ. ಯಾರು ಕೇಳಿದರೂ ಕೊಡುವುದು ಅವರ ರೂಢಿ. ದೇವಸ್ಥಾನದ ಸ್ಮರಣ ಸಂಚಿಕೆಗೆ, ಶಾಲೆಯ ಗೋಡೆಗೆ, ಸಣ್ಣ ಪತ್ರಿಕೆಯ ಮುಖಪುಟಕ್ಕೆ, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಜಾಲತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ. ಎಲ್ಲಿಂದಲೂ ಒಂದು ಕಾಫಿಯ ದುಡ್ಡೂ ತೆಗೆದುಕೊಂಡವರಲ್ಲ.

ಹಿಂದಿನ ವರ್ಷ ಸಾಲ ಕೊಡುವ ಒಂದು ಖಾಸಗಿ ಸಂಸ್ಥೆಯವರು ಫೋನ್ ಮಾಡಿದ್ದರು. "ಸರ್, ಕ್ಯಾಲೆಂಡರ್ ಮಾಡ್ತಿದ್ದೀವಿ. ನಿಮ್ಮ 12 ಫೋಟೋ ಬೇಕು. ಬಜೆಟ್ ಇಲ್ಲ, ಆದರೆ ಹೆಸರು ಹಾಕ್ತೀವಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿಬಿಡಿ, ಕ್ಲಾರಿಟಿ ಹೋಗಲ್ಲ." ಮೇಷ್ಟ್ರು ಅದೇ ರಾತ್ರಿ ಕಳಿಸಿದರು. ಕ್ಯಾಲೆಂಡರ್ ಬಂತು. ಹೆಸರು ಎಲ್ಲೂ ಇರಲಿಲ್ಲ.

ಅಲ್ಲಿಗೇ ನಿಂತಿದ್ದರೆ ನನ್ನ ಹತ್ತಿರ ಬರುತ್ತಿರಲಿಲ್ಲವೇನೋ. ಆ ಹನ್ನೆರಡರಲ್ಲಿ ಒಂದು ಅಡಿಕೆ ಸುಲಿಯುವ ಅಜ್ಜಿಯದು. ರಾತ್ರಿ, ಒಂದೇ ಬಲ್ಬಿನ ಬೆಳಕು, ಮೆಟ್ಟುಗತ್ತಿಯ ಮುಂದೆ ಕೂತ ಅಜ್ಜಿ, ಸುತ್ತ ಸಿಪ್ಪೆಯ ರಾಶಿ. ಮೇಷ್ಟ್ರ ಚಿತ್ರಗಳಲ್ಲೇ ಒಳ್ಳೆಯದು ಅದು. ಕೆಲವು ತಿಂಗಳಾದ ಮೇಲೆ ಅದೇ ಸಂಸ್ಥೆಯ ಕರಪತ್ರದಲ್ಲಿ ಅಜ್ಜಿ ಮತ್ತೆ ಕಾಣಿಸಿಕೊಂಡರು. ಪಕ್ಕದಲ್ಲಿ ದಪ್ಪ ಅಕ್ಷರ: "ಕಷ್ಟಕ್ಕೆ ಸಾಲ ಬೇಕೆ?" ಅಜ್ಜಿಯ ಮಗ ಮೇಷ್ಟ್ರ ಮನೆಗೇ ಬಂದ. "ನಮ್ಮಮ್ಮ ಸಾಲ ಮಾಡಿದ್ದಾಳಾ ಅಂತ ಊರೆಲ್ಲ ಕೇಳ್ತಿದೆ. ನೀವೆಷ್ಟು ತಗೊಂಡ್ರಿ?" ಎಂದ. ಮೇಷ್ಟ್ರು ಒಂದು ರೂಪಾಯಿಯೂ ತೆಗೆದುಕೊಂಡಿಲ್ಲ ಎಂದರೆ ಅವನು ನಂಬಲಿಲ್ಲ. ನಂಬುವುದು ಕಷ್ಟವೇ ಅಲ್ವಾ? ಸಾಲದ ಕಂಪನಿಗೆ ಯಾರಾದರೂ ಪುಕ್ಕಟೆ ಕೆಲಸ ಮಾಡಿಕೊಡುತ್ತಾರಾ?

ಇದರ ಹಿಂದೆ ಇನ್ನೊಂದು ಪೆಟ್ಟು ಬಿದ್ದಿತ್ತು. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಹಳೇ ಗೆಳೆಯ ಮಾತು ಬಿಟ್ಟಿದ್ದ. ಆ ಕ್ಯಾಲೆಂಡರ್ ಕೆಲಸಕ್ಕೆ ಅವನು ರೇಟು ಹೇಳಿದ್ದನಂತೆ. ಅದಾದ ವಾರದಲ್ಲಿ ಮೇಷ್ಟ್ರು ಬಿಟ್ಟಿ ಕೊಟ್ಟರು. ಮೊದಲು ಕ್ಯಾಮೆರಾ ಹಿಡಿಯಲು ಕಲಿಸಿದವನೂ ಅವನೇ.

ಮೊದಲ ಭೇಟಿಯಲ್ಲಿ ಮೇಷ್ಟ್ರು ಸಂಸ್ಥೆಯವರನ್ನು ಬೈದರು, ಬೈಯಲು ಬಿಟ್ಟೆ. ಆಮೇಲೆ ಕೇಳಿದೆ: "ಕೊಡುವಾಗ ನಿಮಗೇನು ಬೇಕು ಅನ್ನಿಸಿತ್ತು?"

"ಏನೂ ಬೇಡ ಮೇಡಂ. ನಾನು ಹವ್ಯಾಸಿ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಹೆಸರು ಬಂದಿದ್ರೆ ಸಾಕಿತ್ತು." ಇನ್ನೂ ಸ್ವಲ್ಪ ಹೊತ್ತಿನ ಮೇಲೆ: "ರಿಟೈರ್ ಆದ್ಮೇಲೆ ಫೋನೇ ಬರ್ತಿರ್ಲಿಲ್ಲ. ಅವತ್ತು ಅವರು ಸರ್ ಸರ್ ಅಂತ ಮಾತಾಡಿಸಿದ್ರು."

ನನಗೆ ಬೇಕಾಗಿದ್ದ ಮಾತು ಇದು. ನಿವೃತ್ತರಲ್ಲಿ ಇದನ್ನು ಆಗಾಗ ಕಾಣುತ್ತೇನೆ. ಬೇಡ ಎನ್ನುವವರಿಗೂ ಏನೋ ಬೇಕಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ, ಆದ್ದರಿಂದ ಎದುರಿನವರು ಕೊಡುವುದೂ ಇಲ್ಲ. ಕೊನೆಗೆ ಕೊರಗು ಮಾತ್ರ ಇವರ ಪಾಲಿಗೆ.

ಒಂದು ಮನೆಗೆಲಸ ಕೊಟ್ಟೆ. ಇದುವರೆಗೆ ಯಾರ್ಯಾರಿಗೆ ಫೋಟೋ ಕೊಟ್ಟಿದ್ದೀರೋ ನೆನಪಾದಷ್ಟು ಬರೆಯಿರಿ. ನೆನೆಸಿಕೊಂಡರೆ ಖುಷಿಯಾಗುವುದಕ್ಕೆ ಒಂದು ಗುರುತು, ಹೊಟ್ಟೆ ಉರಿಯುವುದಕ್ಕೆ ಇನ್ನೊಂದು. ಮೇಷ್ಟ್ರಲ್ವಾ, ಗೆರೆ ಎಳೆದ ಹಾಳೆಯಲ್ಲಿ ಕೆಂಪು, ಹಸಿರು ಶಾಯಿಯಲ್ಲಿ ಬರೆದು ತಂದರು. ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಹುಡುಗಿಗೆ ಕೊಟ್ಟದ್ದು ಹಸಿರು. ಶಾಲೆಯ ಗೋಡೆ ಹಸಿರು. ವಿಕಿಪೀಡಿಯದಲ್ಲಿ ಊರಿನ ಕೆರೆಯ ಪುಟಕ್ಕೆ ಹೋದದ್ದು ಹಸಿರು. ಸಣ್ಣ ಪತ್ರಿಕೆಯದೂ ಹಸಿರೇ. ಅವರು ಹೆಸರು ಹಾಕಿ ಎರಡು ಪ್ರತಿ ಅಂಚೆಯಲ್ಲಿ ಕಳಿಸಿದ್ದರು. ಒಂದು ಲೇಖನದಲ್ಲಿ ಇವರದೇ ಮಂಗಟ್ಟೆ ಹಕ್ಕಿಯ ಕೆಳಗೆ "ಚಿತ್ರಕೃಪೆ: ಅಂತರ್ಜಾಲ" ಎಂದು ಅಚ್ಚಾಗಿತ್ತು. ಅದಕ್ಕೆ ಕೆಂಪು. ಕ್ಯಾಲೆಂಡರಿನ ಕೆಳಗೆ ಎರಡು ಸಲ ಕೆಂಪು ಗೆರೆ.

ಹಾಳೆಯನ್ನು ಅವರ ಕಡೆಗೇ ತಿರುಗಿಸಿದೆ. ಹಸಿರಿನಲ್ಲಿ ಯಾವುದಕ್ಕೂ ದುಡ್ಡು ಬಂದಿರಲಿಲ್ಲ. ಅಂದ ಮೇಲೆ ಬಿಟ್ಟಿ ಕೊಟ್ಟದ್ದೇ ನೋವಿಗೆ ಕಾರಣ ಎನ್ನಲು ಬರುವುದಿಲ್ಲ.

ಹವ್ಯಾಸಿಗಳು ಪುಕ್ಕಟೆ ಕೊಡಲೇಬಾರದು ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡದ ಎಷ್ಟೋ ಸಣ್ಣ ಪತ್ರಿಕೆಗಳಲ್ಲಿ ಬರೆದವರಿಗೂ ಕಾಸಿಲ್ಲ, ಸಂಪಾದಕರಿಗೂ ಇಲ್ಲ. ಅಲ್ಲಿ ಫೋಟೋ ತೆಗೆದವರು ಮಾತ್ರ ಬಿಲ್ ಕಳಿಸಿದರೆ ಚೆನ್ನಾಗಿರುವುದಿಲ್ಲ. ಆದರೆ ಈ ಕ್ಯಾಲೆಂಡರ್ ಲೆಕ್ಕ ಬೇರೆ. ಮೇಷ್ಟ್ರನ್ನು ಕೇಳಿದೆ: ಕಾಗದದವರಿಗೆ ದುಡ್ಡು ಕೊಟ್ಟರಾ? ಕೊಟ್ಟರು. ಪ್ರೆಸ್ಸಿನವರಿಗೆ? ಕೊಟ್ಟರು. ಡಿಟಿಪಿ ಹುಡುಗನಿಗೆ? ಕೊಟ್ಟಿರಲೇಬೇಕು. ಮನೆಮನೆಗೆ ಹಂಚಿದವನಿಗೆ? ಹೂಂ. "ಹಾಗಾದರೆ ಬಜೆಟ್ ಇಲ್ಲದ್ದು ನಿಮಗೊಬ್ಬರಿಗೇನಾ?" ಮೇಷ್ಟ್ರು ನಕ್ಕರು. ಬಂದಾಗಿನಿಂದ ಅದೇ ಮೊದಲು.

ನಾನು ಕೊಟ್ಟ ಮುಖ್ಯ ಸಲಹೆ ಇದೇ. ಕೇಳಿದವರು ದೊಡ್ಡವರೋ ಚಿಕ್ಕವರೋ ಎಂದು ನೋಡಬೇಡಿ. ಆ ಕೆಲಸದಲ್ಲಿ ಉಳಿದವರೆಲ್ಲ ದುಡ್ಡು ಪಡೆಯುತ್ತಿದ್ದಾರಾ ನೋಡಿ. ಎಲ್ಲರೂ ಪುಕ್ಕಟೆ ದುಡಿಯುತ್ತಿದ್ದರೆ ನೀವೂ ಸಂತೋಷವಾಗಿ ಕೊಡಿ, ಹೆಸರು ಮತ್ತು ಪ್ರತಿ ಕೇಳಿ. ಎಲ್ಲರಿಗೂ ಸಂದಾಯವಾಗುತ್ತಿದ್ದರೆ ನೀವೂ ಕೇಳಿ.

ಹೇಳುವುದು ಸುಲಭ, ಕೇಳುವುದು ಕಷ್ಟ. ಅಭ್ಯಾಸಕ್ಕೆಂದು ನಾನು ಸಂಸ್ಥೆಯ ಮ್ಯಾನೇಜರ್ ಆದೆ. "ಎಷ್ಟು ಕೊಡಬೇಕು ಸರ್?" ಎಂದೆ. ಮೇಷ್ಟ್ರು ನೆಲ ನೋಡಿಕೊಂಡು, "ನಿಮಗೆ ತೋಚಿದ್ದು ಕೊಡಿ" ಎಂದರು. ಇನ್ನೊಮ್ಮೆ. "ಅಯ್ಯೋ, ಇರಲಿ ಬಿಡಿ." ಮಕ್ಕಳಿಗೆ ಟ್ಯೂಷನ್ ಹೇಳಿಯೂ ಫೀಸು ಕೇಳದ ಜೀವ. ಒಂದು ಅಂಕಿ ಬಾಯಿಂದ ಹೊರಡುವುದೇ ಇಲ್ಲ.

ಆಗ ಒಂದು ದಾರಿ ಹೊಳೆಯಿತು. "ರೇಟನ್ನು ನೀವು ಗೊತ್ತು ಮಾಡಬೇಡಿ. ನಿಮ್ಮ ಸ್ಟುಡಿಯೋ ಗೆಳೆಯನನ್ನು ಕೇಳಿ. ಅವರು ಎಷ್ಟು ಹೇಳುತ್ತಾರೋ ಅದಕ್ಕಿಂತ ಒಂದು ಪೈಸೆ ಕಡಿಮೆ ಹೇಳಬೇಡಿ" ಎಂದೆ. ಪಿಂಚಣಿ ಬರುವವರು ಕಡಿಮೆಗೆ ಕೊಟ್ಟರೂ ಅಂಗಡಿ ಬಾಡಿಗೆ ಕಟ್ಟುವವನಿಗೆ ಪೆಟ್ಟೇ. ಬಿಟ್ಟಿ ಕೊಟ್ಟರಂತೂ ಕೇಳುವುದೇ ಬೇಡ. ಕ್ಷಮೆ ಕೇಳಲು ಹೋಗಿ ಎಂದಿದ್ದರೆ ಮೇಷ್ಟ್ರು ಹೋಗುತ್ತಿರಲಿಲ್ಲ. ರೇಟು ಕೇಳುವ ನೆಪ ಸಿಕ್ಕಿತು, ಹೋದರು. ಗೆಳೆಯ ಮೊದಲು ಮುಖ ಗಂಟು ಹಾಕಿಕೊಂಡನಂತೆ. ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟ: ಕ್ಯಾಲೆಂಡರಿಗೆ ಇಷ್ಟು, ಪುಸ್ತಕದ ಮುಖಪುಟಕ್ಕೆ ಇಷ್ಟು, ಜಾಹೀರಾತಿಗೆ ಇಷ್ಟು. ಕೊನೆಗೆ ಹೇಳಿದನಂತೆ: "ನಿನಗೆ ದುಡ್ಡು ಬೇಡವಾದ್ರೆ ತಗೊಂಡು ಯಾರಿಗಾದ್ರೂ ಕೊಡು. ಆದರೆ ತಗೋ." ಇಬ್ಬರೂ ಮೊದಲಿನ ಹಾಗಾದರು ಎನ್ನಲಾರೆ. ಮಾತು ಶುರುವಾಗಿದೆ.

ಅಜ್ಜಿಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಮೇಷ್ಟ್ರು ತನಗಾದ ಅನ್ಯಾಯವನ್ನೇ ಹೇಳುತ್ತಿದ್ದರು. ಆದರೆ ಫೋಟೋ ತೆಗೆದವರ ಹಕ್ಕು ಒಂದು, ಫೋಟೋದಲ್ಲಿರುವವರ ಒಪ್ಪಿಗೆ ಇನ್ನೊಂದು. 2007ರಲ್ಲಿ ಆಸ್ಟ್ರೇಲಿಯಾದ ಒಂದು ಮೊಬೈಲ್ ಕಂಪನಿ ತನ್ನ ಜಾಹೀರಾತಿಗೆ ಅಮೆರಿಕದ ಟೆಕ್ಸಾಸಿನ ಹುಡುಗಿಯೊಬ್ಬಳ ಚಿತ್ರ ಬಳಸಿತ್ತು. ಚರ್ಚಿನ ಕಾರ್ಯಕ್ರಮದಲ್ಲಿ ಪರಿಚಯದವರು ತೆಗೆದ ಚಿತ್ರ ಅದು. ಹೆಸರು ಹಾಕಿದರೆ ಯಾರು ಬೇಕಾದರೂ ಬಳಸಬಹುದು ಎಂಬ ಮುಕ್ತ ಪರವಾನಗಿಯಲ್ಲಿ ಅವರು ಅದನ್ನು ಹಂಚಿಕೊಂಡಿದ್ದರು. ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಮನೆಯವರು ಕೋರ್ಟಿಗೆ ಹೋದರು. ಆ ಕಂಪನಿಯ ಮೇಲೆ ತನಗೆ ಅಧಿಕಾರವಿಲ್ಲ ಎಂದು ಟೆಕ್ಸಾಸಿನ ಕೋರ್ಟು ಕೈಬಿಟ್ಟಿತು. ಇದನ್ನು ಹೇಳಿ, "ಅಜ್ಜಿಯ ಮನೆಗೆ ನೀವೇ ಹೋಗಿ. ಮಗನಿಗೆ ಸಮಜಾಯಿಷಿ ಕೊಡುವುದು ಆಮೇಲೆ, ಮೊದಲು ಅಜ್ಜಿಯನ್ನು ಕೇಳಿ" ಎಂದೆ.

ಹೋದರು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ತೆಗೆದುಕೊಂಡು ಹೋದರು. ಅಜ್ಜಿ ಎಷ್ಟೋ ಹೊತ್ತು ನೋಡಿ, "ಫೋಟ ತೆಗೀತೀನಿ ಅಂದಿದ್ರೆ ತಲೆ ಬಾಚ್ಕೊತಿದ್ದೆ ಮೇಷ್ಟ್ರೇ" ಎಂದರಂತೆ. ಸಾಲದ ಕರಪತ್ರ ಬೇಡ ಎಂದೂ ಹೇಳಿದರು. ಮಗನ ಅನುಮಾನ ಹೋಗಿಲ್ಲ. ಅದು ಹೋಗದೆಯೂ ಇರಬಹುದು, ಅದಕ್ಕೆ ತಯಾರಾಗಿರಿ ಎಂದಿದ್ದೇನೆ.

ಕಾನೂನಿನ ವಿಷಯಕ್ಕೆ ಅವರನ್ನು ವಕೀಲರ ಹತ್ತಿರ ಕಳಿಸಿದೆ. ಮೇಷ್ಟ್ರು ಅಲ್ಲಿ ತಿಳಿದುಕೊಂಡು ಬಂದದ್ದರಲ್ಲಿ ಕೆಲವನ್ನು ಇತರರಿಗೂ ಉಪಯೋಗವಾಗಲೆಂದು ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಸಂಬಳಕ್ಕೋ ಯಾರದೋ ಆರ್ಡರಿಗೆ ಹಣ ಪಡೆದೋ ತೆಗೆದದ್ದಲ್ಲದಿದ್ದರೆ ಸಾಮಾನ್ಯವಾಗಿ ಹಕ್ಕೂ ಅವರದೇ. ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಬರವಣಿಗೆ ಬೇಕು, ಸಹಿ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದು ಲೆಕ್ಕ. ಹಕ್ಕು ಮಾರಿದ ಮೇಲೂ ಕೃತಿ ನನ್ನದು ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ನಿನಲ್ಲಿದೆ. ಆದರೆ "ಆಯ್ತು, ಬಳಸ್ಕೊಳಿ" ಎಂದು ವಾಟ್ಸಾಪಿನಲ್ಲಿ ಹಾಕಿದ ಮಾತನ್ನು ಅನುಮತಿ ಎಂದು ಅವರು ವಾದಿಸಬಹುದು. ಯಾವುದಕ್ಕೆ, ಎಷ್ಟು ದಿನಕ್ಕೆ ಎಂದು ಬರೆಯದಿದ್ದರೆ ಜಗಳ ಅಲ್ಲೇ ಹುಟ್ಟುವುದು.

ಸಿಟ್ಟಿನಲ್ಲಿ ಮೇಷ್ಟ್ರು ಕಾಮನ್ಸ್‌ಗೆ ಹಾಕಿದ ಚಿತ್ರಗಳನ್ನೂ ವಾಪಸು ಪಡೆಯಲು ಹೊರಟಿದ್ದರು. ಅದು ಆಗದ ಕೆಲಸ. ಅಲ್ಲಿನ ಪರವಾನಗಿ ಒಮ್ಮೆ ಕೊಟ್ಟರೆ ಕೊಟ್ಟ ಹಾಗೆ. ವ್ಯಾಪಾರಕ್ಕೆ ಬಳಸಬೇಡಿ ಎಂಬ ಷರತ್ತನ್ನೂ ಅಲ್ಲಿ ಒಪ್ಪುವುದಿಲ್ಲ. ನಾಳೆ ಯಾರೋ ಅದನ್ನು ಅಚ್ಚು ಹಾಕಿ ಮಾರಿದರೂ ನಿಮಗೆ ಬೇಜಾರಾಗದ ಚಿತ್ರವನ್ನಷ್ಟೇ ಅಲ್ಲಿಗೆ ಹಾಕಿ ಎಂದೆ. ಕೆರೆ, ಕಪ್ಪೆ, ಹಕ್ಕಿ ಇರಲಿ. ಮನುಷ್ಯರ ಮುಖ ಬೇಡ.

ಇನ್ನು ಮುಂದೆ ಫೋನಿನಲ್ಲಿ ಹೂಂ ಎನ್ನಬಾರದು ಎಂದು ಗೊತ್ತು ಮಾಡಿಕೊಂಡೆವು. ಸರ್ ಸರ್ ಎಂದು ಕರೆದರೆ ಇವರು ಕರಗುವುದು ಫೋನಿನಲ್ಲೇ. ಅದಕ್ಕೆ ಇಬ್ಬರೂ ಕೂತು ಒಂದು ಉತ್ತರ ಬರೆದಿಟ್ಟೆವು:

"ನಮಸ್ಕಾರ. ನನ್ನ ಚಿತ್ರ ಇಷ್ಟವಾಯಿತೆಂದು ಸಂತೋಷ. ಯಾವ ಕೆಲಸಕ್ಕೆ, ಎಷ್ಟು ಪ್ರತಿ, ಎಷ್ಟು ಕಾಲ ಬಳಸುತ್ತೀರಿ, ಹೆಸರು ಎಲ್ಲಿ ಬರುತ್ತದೆ, ಸಂಭಾವನೆ ಎಷ್ಟು ಎಂದು ಬರೆದು ತಿಳಿಸಿ. ಒಪ್ಪಿಗೆಯಾದ ಮೇಲೆ ದೊಡ್ಡ ಫೈಲ್ ಕಳಿಸುತ್ತೇನೆ. ತಿಳಿಸಿದ ಕೆಲಸಕ್ಕಲ್ಲದೆ ಬೇರೆಡೆ ಬಳಸಬೇಕಾದರೆ ಮತ್ತೆ ಕೇಳಬೇಕು."

ದೊಡ್ಡ ಫೈಲಿನ ಮಾತು ಗೆಳೆಯ ಹೇಳಿಕೊಟ್ಟದ್ದು. ಎ4 ಪುಟ ಚೆನ್ನಾಗಿ ಅಚ್ಚಾಗಲು ಇಂಚಿಗೆ 300 ಚುಕ್ಕಿಯಂತೆ ಸುಮಾರು 2480 x 3508 ಪಿಕ್ಸೆಲ್ ಬೇಕು. ನೋಡಿ ಆರಿಸಲು 1000 ಪಿಕ್ಸೆಲ್ ಅಗಲದ ಚಿತ್ರ ಧಾರಾಳ ಸಾಕು. ಅದರಿಂದ ಕ್ಯಾಲೆಂಡರ್ ಮಾಡಲು ಹೋದರೆ ಹಕ್ಕಿಯ ರೆಕ್ಕೆ ಕಲಸಿಹೋಗುತ್ತದೆ.

ಸಾಲದ ಸಂಸ್ಥೆಗೆ ಮೇಷ್ಟ್ರು ಪತ್ರ ಬರೆದರು. ಅಜ್ಜಿಯ ಚಿತ್ರವನ್ನು ಕರಪತ್ರದಿಂದ ತೆಗೆದುಹಾಕಬೇಕು, ಕ್ಯಾಲೆಂಡರಿಗೆ ಇಷ್ಟು ಕೊಡಬೇಕು. ಕರಪತ್ರ ನಿಲ್ಲಿಸಿದ್ದೇವೆ ಎಂಬ ಉತ್ತರ ಬಂತು. ದುಡ್ಡಿನ ಸುದ್ದಿ ಇಲ್ಲ. ನೋಟಿಸ್ ಕೊಡಬಹುದು ಎಂದು ವಕೀಲರು ಹೇಳಿದರು. ಮೇಷ್ಟ್ರು ಬೇಡ ಎಂದರು. ಒತ್ತಾಯ ಮಾಡಲಿಲ್ಲ. ಈ ಸಲದ ಬೇಡ ಯೋಚಿಸಿ ಹೇಳಿದ್ದು. ಬಾಯಿ ಕಟ್ಟಿದ್ದರಿಂದ ಬಂದದ್ದಲ್ಲ.

ನಿದ್ದೆ ಸುಧಾರಿಸಿದೆ. ಲೆನ್ಸ್ ಶುಚಿ ಮಾಡಿಸಲು ಬೆಂಗಳೂರಿಗೆ ಕಳಿಸಿದ್ದಾರೆ. ಒಂದು ಪುಸ್ತಕದ ಮುಖಪುಟಕ್ಕೆ ಕೇಳಿಕೊಂಡು ಬಂದ ಪ್ರಕಾಶಕರಿಗೆ ಬರೆದಿಟ್ಟ ಉತ್ತರವನ್ನೇ ಕಳಿಸಿ, ಗೆಳೆಯನ ಚೀಟಿಯ ರೇಟಿಗೇ ಕೊಟ್ಟರು. ಆ ದುಡ್ಡನ್ನು ಶಾಲೆಗೆ ಕೊಡುತ್ತಾರಂತೆ. ಹೆಂಡತಿಗೆ ಅದು ಒಪ್ಪಿಗೆ ಇಲ್ಲ. "ಲೆನ್ಸ್ ರಿಪೇರಿ ಯಾರು ಕೊಡ್ತಾರೆ? ದೇವಸ್ಥಾನದ ಸಂಚಿಕೆಯವರ ಹತ್ರಾನೂ ಇಸ್ಕೊಳ್ಳಿ ಅಂತ ನೀವೇ ಹೇಳಿ ಮೇಡಂ" ಎಂದರು. ಅದನ್ನು ನೀವಿಬ್ಬರೇ ಮಾತಾಡಿಕೊಳ್ಳಿ ಎಂದು ಕಳಿಸಿದ್ದೇನೆ.