ಮನೆಯ ಪನೀರ್ ರಬ್ಬರಿನಂತಾಗುವುದೇಕೆ?

ಪ್ರಶ್ನೆ: ಕುದಿಯುತ್ತಿರುವ ಹಾಲಿಗೆ ಎರಡು ನಿಂಬೆಹಣ್ಣು ಹಿಂಡಿ ಪನೀರ್ ಮಾಡುತ್ತೇನೆ. ಒಮ್ಮೆ ಅದು ರಬ್ಬರಿನಂತಾಗುತ್ತದೆ, ಇನ್ನೊಮ್ಮೆ ಕತ್ತರಿಸುವಾಗ ಪುಡಿಯಾಗುತ್ತದೆ. ತಪ್ಪು ಎಲ್ಲಿದೆ? ಉಳಿದ ನೀರನ್ನು ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಹಾಲನ್ನು ಕುದಿಸುವುದು ಸರಿಯೇ, ಹುಳಿ ಬೆರೆಸುವ ಹೊತ್ತು ಮಾತ್ರ ತಪ್ಪಾಗಿದೆ. ಚೆನ್ನಾಗಿ ಕಾಯಿಸಿದಾಗ, ಇಲ್ಲದಿದ್ದರೆ ನೀರಿನೊಂದಿಗೆ ಹೋಗಿಬಿಡುತ್ತಿದ್ದ ಪ್ರೋಟೀನುಗಳೂ ಕೇಸಿನ್ ಎಂಬ ಮುಖ್ಯ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರ್ ಹೆಚ್ಚು ಸಿಗುತ್ತದೆ. ಆದರೆ ಕುದಿಯುವಾಗಲೇ ಹುಳಿ ಬಿದ್ದರೆ ಒಡೆದ ಹಾಲಿನ ಗರಣೆಗಳು ಬಿರುಸಾಗಿ ಕುಗ್ಗಿ ತಮ್ಮೊಳಗಿನ ತೇವವನ್ನೆಲ್ಲ ಹೊರಹಾಕುತ್ತವೆ. ಹಾಲು ತೀರಾ ಆರಿದ ಮೇಲೆ ಹುಳಿ ಹಾಕಿದರೆ ಅಥವಾ ಒಡೆದ ಮೇಲೂ ಸೌಟಿನಿಂದ ಕಲಕುತ್ತಲೇ ಇದ್ದರೆ ಅವು ಒಂದಕ್ಕೊಂದು ಕೂಡಿಕೊಳ್ಳದೆ ಪುಡಿಯಾಗುತ್ತವೆ.

ಒಂದು ಲೀಟರ್ ಹಾಲು ಉಕ್ಕಿದೊಡನೆ ಒಲೆ ಆರಿಸಿ, ಮೂರು ನಾಲ್ಕು ನಿಮಿಷ ಮೆಲ್ಲನೆ ತಿರುವಿ. ಶಾಖ ಸುಮಾರು 80 ಡಿಗ್ರಿಗೆ ಇಳಿದಾಗ, ಎರಡು ದೊಡ್ಡ ಚಮಚ ನಿಂಬೆರಸವನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಬೆರೆಸಿ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಬನ್ನಿ. ನೀರು ತಿಳಿಯಾಗಿ ಹಸಿರು ಮಿಶ್ರಿತ ಹಳದಿ ಬಣ್ಣಕ್ಕೆ ತಿರುಗಿದ ಕ್ಷಣವೇ ನಿಲ್ಲಿಸಬೇಕು. ರಸ ಉಳಿದರೆ ಉಳಿಯಲಿ, ಹಾಲಿಗೆ ಅದು ಬೇಕಿಲ್ಲ. ಮುಚ್ಚಿ ಐದು ನಿಮಿಷ ಮುಟ್ಟದೆ ಬಿಟ್ಟು, ತೆಳುಬಟ್ಟೆಯಲ್ಲಿ ಸೋಸಿ, ತಣ್ಣೀರು ಹನಿಸಿ ಹುಳಿ ತೊಳೆದು, ನೀರು ತುಂಬಿದ ಪಾತ್ರೆಯನ್ನು ಅರ್ಧ ಗಂಟೆ ಹೇರಿ. ಕೊನೆಗೆ ಎರಡು ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಹೋಳುಗಳು ಅಂದವಾಗಿ ಬರುತ್ತವೆ. ಮನೆಯ ಪನೀರ್ ಕೆಡುವುದು ಬಹುಮಟ್ಟಿಗೆ ಈ ಕಾಯುವ ಹೊತ್ತುಗಳನ್ನು ಕಡಿತಗೊಳಿಸುವುದರಿಂದಲೇ.

ಹಾಲಿನ ಆಯ್ಕೆಯೂ ಮುಖ್ಯ. ಶೇಕಡ 3ರಷ್ಟು ಕೊಬ್ಬಿನ ಟೋನ್ಡ್ ಹಾಲಿನ ಪನೀರ್ ಬಿರುಸಾಗಿರುತ್ತದೆ. ಶೇಕಡ 6ರಷ್ಟು ಕೊಬ್ಬಿನ ಕೆನೆಭರಿತ ಹಾಲು ಅಥವಾ ಎಮ್ಮೆಯ ಹಾಲಿನಲ್ಲಿ ಪ್ರೋಟೀನಿನ ಎಳೆಗಳ ನಡುವೆ ಕೊಬ್ಬು ನಿಂತು ಅದನ್ನು ಮೆತ್ತಗೆ ಇಡುತ್ತದೆ. ಅಂಥ ಒಂದು ಲೀಟರಿಗೆ ಸುಮಾರು 200 ಗ್ರಾಂ ಪನೀರ್ ಸಿಗುತ್ತದೆ. ನಮ್ಮ ಗಿಣ್ಣಿಗೆ ಹುಳಿಯೇ ಬೇಡವಲ್ಲ ಎಂದು ನೀವು ಕೇಳಬಹುದು: ಕರು ಹಾಕಿದ ಹಸುವಿನ ಮೊದಲ ಹಾಲಿನಲ್ಲಿ ಶಾಖಕ್ಕೇ ಗಟ್ಟಿಯಾಗುವ ಪ್ರೋಟೀನುಗಳು ಬಹಳವಾಗಿರುವುದರಿಂದ ಅದು ಬೇಯಿಸಿದರೆ ಸಾಕು, ತಾನೇ ಹೆಪ್ಪಾಗುತ್ತದೆ.

ಉಳಿದ ತಿಳಿನೀರನ್ನು ದಯವಿಟ್ಟು ಚೆಲ್ಲಬೇಡಿ. ಅದರ ಬಣ್ಣಕ್ಕೆ ಕಾರಣವೇ ರೈಬೋಫ್ಲೇವಿನ್ ಎಂಬ ಬಿ ಜೀವಸತ್ವ. ಚಪಾತಿ ಹಿಟ್ಟು ಕಲಸಲು, ಸಾರಿಗೆ ಬೆರೆಸಲು ಅದು ಬಲು ಚೆನ್ನ.

ಪ್ರಶ್ನೆ: ಕಾಯಿಸುವಾಗ ತಾನಾಗಿ ಒಡೆದ ಹಾಲಿನಿಂದ ಪನೀರ್ ಮಾಡಬಹುದೇ?
– ಓದುಗರು, ಗದಗ

ಉತ್ತರ: ಬೇಡವೆಂದೇ ನನ್ನ ಸಲಹೆ. ಆ ಹಾಲು ಒಡೆದಿರುವುದು ಅದರಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಹುಳಿ ಹುಟ್ಟಿಸಿರುವುದರಿಂದ. ಕುದಿಸಿದಾಗ ಅವು ಸತ್ತರೂ ಕೆಲವು ಬಗೆಯವು ಬಿಟ್ಟ ವಿಷ ಕುದಿಗೆ ನಾಶವಾಗುವುದಿಲ್ಲ. ಪನೀರಿಗೆ ತಾಜಾ ಹಾಲನ್ನೇ ಒಡೆಸಿ, ತಂಪುಪೆಟ್ಟಿಗೆಯಲ್ಲಿ ನೀರಿನಲ್ಲಿ ಮುಳುಗಿಸಿಟ್ಟು, ಆ ನೀರನ್ನು ದಿನವೂ ಬದಲಿಸುತ್ತ ಎರಡು ಮೂರು ದಿನಗಳೊಳಗೆ ಬಳಸಿ.